ಎರಡನೇ ಲೋಟ

ಕದರಪ್ಪ ಜನ್ಮದಲ್ಲಿ ಸೊಪ್ಪು ತಿಂದವನಲ್ಲ. ಬಸ್ಸಾರು ಮಾಡಿದರೆ ಸಾರನ್ನಷ್ಟೇ ಮುದ್ದೆಗೆ ಹಚ್ಚಿಕೊಂಡು ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದ. ಮಳೆ ಬಿದ್ದು ಕಡಲೇಕಾಯಿ ಹೊಲದಲ್ಲಿ ಬೆರಕೆ ಸೊಪ್ಪು ಎದ್ದಾಗ ಊರ ಹೆಂಗಸರೆಲ್ಲ ಮಡಿಲು ತುಂಬಿಸಿಕೊಂಡು ಬಂದರೆ, ದನಕ್ಕೆ ಹಾಕುವುದನ್ನು ನನಗೆ ಹಾಕಬೇಡ ಎನ್ನುತ್ತಿದ್ದ. ಐವತ್ತೆರಡು ವರ್ಷ ಹೀಗೆ ಬದುಕಿದ ಮೇಲೆ ಅವನಿಗೆ ಸಕ್ಕರೆ ಕಾಯಿಲೆ ಹಿಡಿಯಿತು. ಮಡಕಶಿರದ ಡಾಕ್ಟರು ಬೆಳಿಗ್ಗೆ ತಿಂಡಿಗೆ ಮುಂಚೆ ನುಂಗಲು ಒಂದು ಮಾತ್ರೆ ಬರೆದುಕೊಟ್ಟು, ಸೊಪ್ಪು ತರಕಾರಿ ಹೆಚ್ಚು ತಿನ್ನು ಅಂದರು. ಮಾತ್ರೆ ನುಂಗಿದ. ಸೊಪ್ಪು ತಿನ್ನಲಿಲ್ಲ.

ಹೆಂಡತಿ ದೊಡ್ಡಕ್ಕ ಬಿಡುವ ಹೆಂಗಸಲ್ಲ. ಅವಳ ತವರು ರಾಯದುರ್ಗದ ಕಡೆ, ಭೈರವಾನಿತಿಪ್ಪ ಡ್ಯಾಮಿನ ಕೆಳಗಿನ ಊರು. ಆಂಧ್ರದ ಗಡಿಯಲ್ಲಿ ರತ್ನಗಿರಿ ಕೋಟೆ ಕಾಣುವ ಈ ಊರಿಗೆ ಸೊಸೆಯಾಗಿ ಬಂದು ಇಪ್ಪತ್ತೇಳು ವರ್ಷವಾದರೂ ಮಾತು ಇನ್ನೂ ಹಗರಿ ಹೊಳೆಯ ದಂಡೆಯದೇ. ಗಂಡನಿಗೆ ‘ರೀ’ ಹಚ್ಚಿ ಬೈಯುವುದನ್ನು ಕೇಳಲು ಓರಗಿತ್ತಿಯರಿಗೆ ಇವತ್ತಿಗೂ ಆಸೆ. ‘ರೀ’ ಬಿಟ್ಟು ಬೈದಳೆಂದರೆ ಮಾತ್ರ ಎಲ್ಲರೂ ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು.

ಉಗಾದಿ ಕಳೆದ ಮೇಲೆ ಹಿಂದೂಪುರದಲ್ಲಿರುವ ಮಗಳು ಭವ್ಯಾ ಒಂದು ತೆಲುಗು ವಿಡಿಯೋ ಕಳಿಸಿದಳು. ಅದರಲ್ಲಿ ಒಬ್ಬ ಹೆಂಗಸು ಪಾಲಕ್, ಪುದೀನ, ಸೌತೆಕಾಯಿ, ಒಂದು ಬಾಳೆಹಣ್ಣು ಮಿಕ್ಸಿಗೆ ಹಾಕಿ ತಿರುವಿ, ಹಸಿರು ಗಂಜಿಯಂಥದ್ದನ್ನು ಲೋಟಕ್ಕೆ ಬಗ್ಗಿಸಿ, ಸೊಪ್ಪು ತಿನ್ನಲು ಆಗದವರು ಬೆಳಿಗ್ಗೆ ತಿಂಡಿಯ ಬದಲು ಹೀಗೆ ಕುಡಿಯಿರಿ ಎನ್ನುತ್ತಿದ್ದಳು. ಗ್ರೀನ್ ಸ್ಮೂದಿ ಎಂದು ಅದರ ಹೆಸರು. ದೊಡ್ಡಕ್ಕ ಅದನ್ನು ಮೂರು ಸಲ ನೋಡಿದಳು. ಅಗಿಯಲು ಒಲ್ಲದವನಿಗೆ ಕುಡಿಸಿದರಾಯಿತು. ಇಷ್ಟು ವರ್ಷ ತನಗೇಕೆ ಇದು ಹೊಳೆಯಲಿಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಆದರೆ ಪಾಲಕ್ ಬೇಕೆಂದರೆ ಮಡಕಶಿರದ ಸಂತೆಗೆ ಹೋಗಬೇಕು, ಮೂರು ಕಟ್ಟು ಹಾಕಿದರೂ ಒಂದು ಲೋಟಕ್ಕೆ ಇಳಿಯುತ್ತದೆ. ಇವರದು ರೇಷ್ಮೆ ಹುಳು ಸಾಕುವ ಮನೆ. ಹಿತ್ತಿಲಿಗೆ ಹೊಂದಿಕೊಂಡೇ ಒಂದೂವರೆ ಎಕರೆ ಹಿಪ್ಪುನೇರಳೆ ತೋಟ. ಹಿಪ್ಪುನೇರಳೆ ಎಲೆಯ ಟೀ ಸಕ್ಕರೆಗೆ ಒಳ್ಳೆಯದು ಎಂದು ರೇಷ್ಮೆ ತರಬೇತಿಯಲ್ಲಿ ಯಾರೋ ಹೇಳಿದ್ದು ಅವಳ ಕಿವಿಯಲ್ಲಿತ್ತು. ಒಣಗಿದ ಎಲೆಯ ನೀರಿಗೇ ಅಷ್ಟು ಗುಣವಿದ್ದರೆ ಹಸಿ ಎಲೆಗೆ ಎಷ್ಟಿರಬೇಡ ಎಂದುಕೊಂಡಳು. ಮೇಲಾಗಿ ರೇಷ್ಮೆಯವರಿಗೆ ಒಂದು ನಂಬಿಕೆ. ಪಕ್ಕದ ಟೊಮೇಟೊ ತೋಟಕ್ಕೆ ಹೊಡೆದ ಔಷಧಿಯ ಗಾಳಿ ಸೋಕಿದ ಎಲೆ ತಿಂದರೂ ಹುಳು ಸಾಯುತ್ತದೆ, ಹಾಗಾಗಿ ಹುಳು ತಿಂದು ಬದುಕುವ ಎಲೆಗಿಂತ ಚೊಕ್ಕಟವಾದದ್ದು ಭೂಮಿಯ ಮೇಲಿಲ್ಲ. ಎಳೆಯ ಎಲೆ ಒಂದು ಹಿಡಿ, ಪುದೀನ, ಶುಂಠಿ, ಸೌತೆಕಾಯಿ. ಬಾಳೆಹಣ್ಣು ಸಿಹಿ ಎಂದು ಬಿಟ್ಟಳು.

ಸೊಪ್ಪು ರಕ್ತ ತೊಳೆಯುತ್ತದೆ ಎಂದು ಅವಳು ಹೇಳಿದ್ದಕ್ಕೆ ಕದರಪ್ಪ ಮೊದಲ ದಿನ ಮೂಗು ಹಿಡಿದುಕೊಂಡು ಕುಡಿದ. ಎಂಟು ದಿನಕ್ಕೆ ರೂಢಿಯಾಯಿತು. ಬೆಳಿಗ್ಗೆ ಆರಕ್ಕೆ ಮಾತ್ರೆ, ಅದರ ಹಿಂದೆಯೇ ಒಂದು ಲೋಟ ಹಸಿರು, ತೋಟದಲ್ಲಿ ಹುಳುವಿಗೆ ಸೊಪ್ಪು ಕಡಿದು ಬಂದ ಮೇಲೆ ಒಂಬತ್ತಕ್ಕೋ ಹತ್ತಕ್ಕೋ ಮುದ್ದೆ. ಪಕ್ಕದ ಮನೆಯಲ್ಲೇ ಇರುವ ಅವನ ಅಣ್ಣ ಸಂಜೀವಪ್ಪ ಒಂದು ದಿನ ನೋಡಿ, "ಹುಳಕ್ಕೆ ಹಾಕೋದನ್ನೇ ಗಂಡನಿಗೂ ಹಾಕ್ತಿದೀಯಲ್ಲಮ್ಮ, ಇವನೂ ಗೂಡು ಕಟ್ತಾನೇನು" ಎಂದು ನಕ್ಕ. ಕಟ್ಟಿದರೆ ಮಾರ್ಕೆಟ್ಟಿಗೆ ನೀವೇ ಹೊತ್ತುಕೊಂಡು ಹೋಗಿರಿ ಎಂದಳು ದೊಡ್ಡಕ್ಕ. ಗೆದ್ದ ಸಂತೋಷದಲ್ಲಿದ್ದಳು.

ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ.

ಕದರಪ್ಪ ಹಿಂದೆ ಕುಡುಕನಾಗಿದ್ದ. ಸಣ್ಣಪುಟ್ಟ ಕುಡುಕನಲ್ಲ, ಚರಂಡಿಯಲ್ಲಿ ಬಿದ್ದು ಹಂದಿಯ ಜೊತೆ ಮಾತಾಡುವ ಜಾತಿಯವನು. ಹದಿನೇಳು ವರ್ಷ ಸಹಿಸಿದ ದೊಡ್ಡಕ್ಕ ಒಂದು ದಿನ ಮಗಳನ್ನು ಕರೆದುಕೊಂಡು ತವರಿಗೆ ಹೋದವಳು ಒಂದು ವರ್ಷ ಬರಲೇ ಇಲ್ಲ. ಕೊನೆಗೆ ಅವನು ಕದಿರಿಗೆ ಹೋಗಿ ನರಸಿಂಹಸ್ವಾಮಿಯ ಮುಂದೆ ದೀಪ ಮುಟ್ಟಿ ಕುಡಿತ ಬಿಟ್ಟ. ಅವಳು ವಾಪಸು ಬಂದಳು, ಆದರೆ ಎರಡೂ ಕಡೆಯ ಹಿರಿಯರ ಎದುರು ಒಂದು ಮಾತು ಹೇಳಿ ಬಂದಳು: ಇನ್ನೊಂದು ಸಲ ಕುಡಿದರೆ ಹೋಗುತ್ತೇನೆ, ಆಮೇಲೆ ನನ್ನ ಹೆಣವೂ ಈ ಊರಿಗೆ ಬರುವುದಿಲ್ಲ. ಒಂಬತ್ತು ವರ್ಷವಾಯಿತು. ಅವನು ಮುಟ್ಟಲಿಲ್ಲ. ಮದುವೆ ಮನೆಗಳಲ್ಲಿ ಶಾಮಿಯಾನದ ಹಿಂದೆ ಗಂಡಸರು ಸೇರಿದರೆ ಇವನು ಹೆಂಗಸರ ಪಂಕ್ತಿಯ ಹತ್ತಿರ ಬಂದು ನಿಲ್ಲುತ್ತಿದ್ದ.

ಅಂಥವನು ಒಂದು ದಿನ ಹತ್ತು ಗಂಟೆಯ ಬಿಸಿಲಲ್ಲಿ ತೋಟದ ಬದುವಿನ ಮೇಲೆ ಕುಡುಗೋಲು ಬಿಸಾಡಿ ಕೂತಿದ್ದ. ಏನ್ರಿ ಎಂದರೆ ನಕ್ಕ. ಎದ್ದು ನಿಲ್ಲಲು ಹೋಗಿ ಗಿಡದ ಸಾಲಿನ ಮೇಲೆ ಬಿದ್ದ. ನಾಲಿಗೆ ಹೊರಳುತ್ತಿರಲಿಲ್ಲ, ಮೈಯೆಲ್ಲ ಬೆವರು, ಕಣ್ಣು ಎಲ್ಲೋ. ದೊಡ್ಡಕ್ಕನಿಗೆ ಆ ಕಣ್ಣಿನ ಪರಿಚಯ ಹದಿನೇಳು ವರ್ಷದ್ದು. ಹತ್ತಿರ ಹೋಗಲೂ ಹೇಸಿ ನಿಂತಲ್ಲೇ ನಿಂತಳು. ಸಂಜೀವಪ್ಪ ಬಂದು ತಮ್ಮನನ್ನು ಎಳೆದು ಕೂರಿಸಿ, ಅಮಲು ಇಳಿಯಲಿ ಎಂದು ಒಂದು ಚೊಂಬು ನಿಂಬೆ ಪಾನಕ, ಸಕ್ಕರೆ ಕಾಯಿಲೆಯನ್ನೂ ಲೆಕ್ಕಿಸದೆ ಸಕ್ಕರೆ ಹಾಕಿ, ಗಂಟಲಿಗೆ ಸುರಿದ. ಕಾಲು ಗಂಟೆಯಲ್ಲಿ ಕದರಪ್ಪ ಸರಿಹೋದ. ಅವನಿಗೆ ಏನೂ ನೆನಪಿರಲಿಲ್ಲ. ನಾನು ಕುಡಿದಿಲ್ಲ ಎಂದು ದೇವರ ಆಣೆ ಹಾಕಿದ. ಕುಡಿದವರೆಲ್ಲ ಆಣೆ ಹಾಕುತ್ತಾರೆ.

ಅದಾದ ಮರುದಿನದಿಂದ ಅವನೇ ಎರಡನೇ ಲೋಟ ಕೇಳಿದ. ಮುದ್ದೆ ಬೇಡ, ಒಂಬತ್ತಕ್ಕೆ ಇನ್ನೊಂದು ಲೋಟ ಸೊಪ್ಪಿನ ರಸ ಕೊಡು ಎಂದ. ದೊಡ್ಡಕ್ಕ ಮಾಡಿಕೊಟ್ಟಳು. ಪುದೀನ ಜಾಸ್ತಿ ಹಾಕು ಎಂದಾಗ ಮಾತ್ರ ಅವಳಿಗೆ ಚುರುಕ್ಕೆಂದಿತು. ವಾಸನೆ ಮುಚ್ಚಲು ಪುದೀನ, ಇನ್ನೇನು.

ವಾರ ಕಳೆಯುವುದರೊಳಗೆ ಎರಡನೆಯ ಸಲ ಆಯಿತು. ಈ ಸಲ ಬಸ್ ಸ್ಟಾಪಿನಲ್ಲಿ, ನಾಲ್ಕು ಜನರ ಎದುರು. ಅಂಗಡಿಯವನೊಡನೆ ಜಗಳ ತೆಗೆದು, ಕಂಬ ಹಿಡಿದು ಜಾರಿ ಕೂತನಂತೆ. ಮತ್ತೆ ಸಂಜೀವಪ್ಪ, ಮತ್ತೆ ನಿಂಬೆ ಪಾನಕ, ಮತ್ತೆ ಕಾಲು ಗಂಟೆಯಲ್ಲಿ ಸರಿ. ಪಾನಕಕ್ಕೆ ಇಳಿಯುವುದು ಅಮಲಲ್ಲದೆ ಮತ್ತೇನು ಎಂದು ಊರೇ ಹೇಳಿತು. ಆ ದಿನ ಕದರಪ್ಪ ಆಣೆ ಹಾಕಲಿಲ್ಲ. ಗೋಡೆ ನೋಡುತ್ತ ಮಲಗಿದ. ದೊಡ್ಡಕ್ಕ ಅದನ್ನು ಒಪ್ಪಿಗೆ ಎಂದು ತಿಳಿದಳು. ಹುಳು ಗೂಡು ಕಟ್ಟುವ ತನಕ ಇರುತ್ತೇನೆ, ಇನ್ನೊಂದು ಸಲ ಕಂಡರೆ ಅದನ್ನೂ ನೋಡುವುದಿಲ್ಲ ಎಂದಳು.

ಮೂರನೆಯದು ಬುಧವಾರ.

ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಜ್ವರವೆಂದರೆ ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಮಲಗುವ ಹೊತ್ತು. ನಾಲ್ಕನೆಯದು ಮುಗಿಸಿ ಎದ್ದವು ಹಗಲೂ ರಾತ್ರಿ ತಿನ್ನುತ್ತವೆ, ಹೊತ್ತು ತಪ್ಪಿದರೆ ಗೂಡು ತೆಳ್ಳಗಾಗುತ್ತದೆ. ಬೆಳಿಗ್ಗೆ ಆರು, ಹನ್ನೊಂದು, ಸಂಜೆ ನಾಲ್ಕು, ರಾತ್ರಿ ಹತ್ತು. ಹುಳುಮನೆಯೊಳಗೆ ಬೀಡಿ, ಸಾರಾಯಿ, ಅಗರಬತ್ತಿ, ಯಾವ ಘಾಟೂ ಸೇರಬಾರದು. ಕೂಲಿಗೆ ಬಂದವರ ಬಾಯಿಯನ್ನು ಮೂಸಿ ನೋಡಿಯೇ ದೊಡ್ಡಕ್ಕ ಒಳಗೆ ಬಿಡುತ್ತಿದ್ದಳು.

ಹತ್ತು ಗಂಟೆಯ ಹೊತ್ತಿಗೆ ಕದರಪ್ಪ ತೂರಾಡುತ್ತ ಹುಳುಮನೆಯ ಬಾಗಿಲಿಗೆ ಬಂದ. ಅಂಗಿ ಬೆವರಿಗೆ ಅಂಟಿತ್ತು. ರೋಗ ಒಳಗೆ ಬಾರದಿರಲೆಂದು ಬಾಗಿಲಲ್ಲಿಟ್ಟ ಸುಣ್ಣದ ನೀರಿಗೆ ಕಾಲಿಡದೆ ಹಾಗೆಯೇ ನುಗ್ಗಲು ನೋಡಿದ. ಅವಳು ಅಡ್ಡ ನಿಂತರೆ ಕೈಯೆತ್ತಿದ. ಏನೋ ಕೇಳುತ್ತಿದ್ದ, ಮಾತು ಅಂಬಲಿಯ ಹಾಗೆ ಕಲಸಿ ಬರುತ್ತಿತ್ತು.

"ನೀ ಮನಷ್ಯಾನ ಅಲ್ಲ" ಎಂದಳು ದೊಡ್ಡಕ್ಕ. ‘ರೀ’ ಹೋಗಿತ್ತು.

ರಟ್ಟೆ ಹಿಡಿದು ದರದರ ಎಳೆದುಕೊಂಡು ಹೋದಳು. ಹುಳುಮನೆಯ ಪಕ್ಕದಲ್ಲಿ ಸೊಪ್ಪಿನ ಕೋಣೆ. ಕಡಿದ ಸೊಪ್ಪು ಬಾಡದಿರಲೆಂದು ಒದ್ದೆ ಗೋಣಿ ಹೊದಿಸಿ ಇಡುವ, ಕಿಟಕಿಯಿಲ್ಲದ ತಣ್ಣನೆಯ ಕೋಣೆ. ಅದರೊಳಗೆ ನೂಕಿ ಚಿಲಕ ಹಾಕಿದಳು. ಸಂಜೀವಪ್ಪ ಚೊಂಬು ಹಿಡಿದುಕೊಂಡು ಬಂದ. ಅವನನ್ನು ಅಲ್ಲಿಯೇ ತಡೆದಳು.

"ಪಾನಕ ಗೀನಕ ಏನೂ ಬ್ಯಾಡ್ರಿ. ನೀವು ಹಿಂಗ ಪಾನಕ ಕುಡಿಸಿ ಕುಡಿಸೇ ಅವಂಗ ಸಲಿಗೆ ಆಗೈತಿ. ಈ ಸಲ ಅಮಲು ತಾನಾಗೇ ಇಳೀಲಿ. ನರಳ್ಲಿ."

ಸಂಜೀವಪ್ಪ ಚೊಂಬಿನಲ್ಲಿದ್ದುದನ್ನು ತಾನೇ ಕುಡಿದು ಹೋದ. ಅವಳು ಫೋನು ತೆಗೆದು ರಾಯದುರ್ಗಕ್ಕೆ ಮಾಡಿದಳು. ತಮ್ಮ ಹನುಮೇಶ್ ಎತ್ತಿಕೊಂಡ. ಗಾಡಿ ತಗೊಂಡು ಬಾ, ನಾನು ಬರುತ್ತೇನೆ, ಯಾಕ ಏನು ಅಂತ ಕೇಳಬ್ಯಾಡ ಎಂದಳು. ಅವನು ಕೇಳಲಿಲ್ಲ.

ಒಳಗಿನಿಂದ ಸ್ವಲ್ಪ ಹೊತ್ತು ಬಾಗಿಲು ಬಡಿಯುವ ಸದ್ದು ಬಂತು. ಆಮೇಲೆ ಗೀಚಿದ ಹಾಗೆ. ಆಮೇಲೆ ನಿಂತಿತು. ಮಲಗಿದ ಎಂದುಕೊಂಡಳು. ಹಾಳಾದವನು ಮಲಗಲಿ. ಹುಳುಮನೆಯೊಳಗೆ ಹೋಗಿ ತಟ್ಟೆಗಳ ಕಸ ತೆಗೆಯುತ್ತ, ತವರಿಗೆ ಯಾವ ಸೀರೆಗಳನ್ನು ಒಯ್ಯಬೇಕು ಎಂದು ಲೆಕ್ಕ ಹಾಕಿದಳು.

ಹನ್ನೊಂದಾಯಿತು. ಹುಳುಗಳು ಬರಿಯ ಕಡ್ಡಿಗಳ ಮೇಲೆ ತಲೆಯೆತ್ತಿ ಆಡಿಸುತ್ತಿದ್ದವು. ಸೊಪ್ಪು ಬೇಕಿತ್ತು. ಸೊಪ್ಪು ಇದ್ದದ್ದು ಆ ಕೋಣೆಯಲ್ಲಿ. ಹುಳು ಕಾಯುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅವಳು ಆ ಬಾಗಿಲು ತೆಗೆದಳು. ಇಲ್ಲದಿದ್ದರೆ ಸಂಜೆಯವರೆಗೂ ತೆಗೆಯುತ್ತಿರಲಿಲ್ಲ.

ಕದರಪ್ಪ ಒದ್ದೆ ಗೋಣಿಯ ಮೇಲೆ ಓರೆಯಾಗಿ ಬಿದ್ದಿದ್ದ. ಪಂಚೆ ಒದ್ದೆಯಾಗಿತ್ತು. ಒಂದು ಕೈ ತನ್ನಷ್ಟಕ್ಕೆ ತಾನೇ ಜಗ್ಗುತ್ತಿತ್ತು. ಹಲ್ಲು ಕಚ್ಚಿಕೊಂಡಿತ್ತು. ಬಾಗಿಲ ಹತ್ತಿರದ ಎಲೆಗಳನ್ನು ಕಿತ್ತು ಬಾಯಿಗೆ ತುರುಕಿಕೊಂಡಿದ್ದ, ಅಗಿಯಲಾರದೆ ಅರ್ಧ ಹೊರಗೆ ಜೋತಾಡುತ್ತಿತ್ತು. ಸೊಪ್ಪೆಂದರೆ ತಟ್ಟೆಯ ಅಂಚಿಗೆ ತಳ್ಳುವ ಗಂಡಸು.

ದೊಡ್ಡಕ್ಕ ಮೊದಲು ಕಾಲಿನಿಂದ ನೂಕಿದಳು. ಏಳಲಿಲ್ಲ. ಕೂತಳು. ಬಾಯಿಯಲ್ಲಿದ್ದ ಎಲೆ ತೆಗೆದು ಹಾಕಲು ಬಗ್ಗಿದಾಗ ಅವನ ಉಸಿರು ಅವಳ ಮುಖಕ್ಕೆ ಬಡಿಯಿತು. ಹಸಿ ಎಲೆಯ ವಾಸನೆ. ಪುದೀನದ್ದು. ಇನ್ನೇನೂ ಇಲ್ಲ. ಅವಳು ಮತ್ತೆ ಮೂಸಿದಳು. ಹದಿನೇಳು ವರ್ಷ ಏಲಕ್ಕಿಯ ಹಿಂದೆ, ಎಲೆಯಡಿಕೆಯ ಹಿಂದೆ, ಹಸಿ ಈರುಳ್ಳಿಯ ಹಿಂದೆ ಅಡಗಿದ್ದನ್ನು ಹಿಡಿದು ಹಾಕಿದ ಮೂಗು ಅದು. ಕೂಲಿಯವರನ್ನೆಲ್ಲ ಮೂಸುವವಳು ಈ ಮೂರು ಸಲದಲ್ಲಿ ಒಂದು ಸಲವೂ ಗಂಡನ ಬಾಯಿಯ ಹತ್ತಿರ ಹೋಗಿರಲಿಲ್ಲ. ಕಣ್ಣು ನೋಡಿದ್ದಳು, ಕಾಲು ನೋಡಿದ್ದಳು, ಸಾಕಾಗಿತ್ತು.

  ಅವಳು ಪಕ್ಕದ ಮನೆಗೆ ಓಡಿ, ಸಂಜೀವಪ್ಪನಿಗೆ, ನರ್ಸಮ್ಮನ್ನ ಕರೀರಿ ಎಂದಳು.

ಊರಿನ ಆರೋಗ್ಯ ಕೇಂದ್ರದ ನರ್ಸು ಸುಜಾತಾ ಚೀಲ ಹಿಡಿದು ಓಡಿ ಬಂದಳು. ಕುಡಿದು ಬಿದ್ದವನಿಗೆ ನರ್ಸು ಯಾಕೆ ಎಂದು ಸಂಜೀವಪ್ಪ ಇನ್ನೂ ಹೇಳುತ್ತಲೇ ಇದ್ದ. ಅವಳು ಅವನ ಕಡೆ ನೋಡದೆ ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ಪುಟ್ಟ ಯಂತ್ರಕ್ಕೆ ಮುಟ್ಟಿಸಿದಳು. ಅಂಕಿ ಮೂಡಿತು. ಅವಳು ಯಂತ್ರವನ್ನು ಅಲ್ಲಾಡಿಸಿ ಇನ್ನೊಂದು ಬೆರಳು ಚುಚ್ಚಿದಳು. ಅದೇ ಅಂಕಿ.

"ಮೂವತ್ತೊಂದು" ಎಂದಳು. "ಅಕ್ಕ, ಸಕ್ಕರೆ ಎಪ್ಪತ್ತರ ಕೆಳಗೆ ಇಳೀಬಾರ್ದು. ಮಾತ್ರೆ ನುಂಗಿದ್ರಾ? ಏನು ತಿಂದಿದ್ರು ಇವತ್ತು?"

"ಎರಡು ಲೋಟ ಸೊಪ್ಪಿನ ಜ್ಯೂಸು" ಎಂದಳು ದೊಡ್ಡಕ್ಕ.

"ತಿಂದಿದ್ದು?"

"ಏನೂ ಇಲ್ರಿ."

ಸುಜಾತಾ ಚೀಲ ಬಿಚ್ಚಿದಳು.  ನರ ಹುಡುಕಿ ಗ್ಲೂಕೋಸು ಏರಿಸಿದಳು. ನೂರಾ ಎಂಟಕ್ಕೆ ಫೋನು ಮಾಡಿಸಿದಳು. ಬಾಯಿಗೆ ಪಾನಕ ಹಾಕೋಣವೇ ಎಂದು ಸಂಜೀವಪ್ಪ ಕೇಳಿದಾಗ, ಈಗ ಬೇಡ, ಎಚ್ಚರವಿಲ್ಲದವನಿಗೆ ಹಾಕಿದರೆ ಉಸಿರಿಗೆ ಸಿಕ್ಕಿಕೊಳ್ಳುತ್ತದೆ, ಒಂದು ಗಂಟೆಯ ಹಿಂದೆ ಹಾಕಿದ್ದರೆ ಸಾಕಾಗಿತ್ತು ಎಂದಳು. ದೊಡ್ಡಕ್ಕ ಪಾನಕ ತಡೆದದ್ದು ಸುಜಾತಾಳಿಗೆ ಗೊತ್ತಿರಲಿಲ್ಲ, ಸುಮ್ಮನೆ ಹೇಳಿದ್ದು. ಸಂಜೀವಪ್ಪ ದೊಡ್ಡಕ್ಕನ ಕಡೆ ತಿರುಗಲಿಲ್ಲ. ಅವನು ತಿರುಗಿ ಬೈದಿದ್ದರೆ ಅವಳಿಗೆ ಹಿತವಾಗುತ್ತಿತ್ತು.

ಮಡಕಶಿರದ ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. ಹಿಂದಿನ ಎರಡು ಸಲದ ಸಂಗತಿಯನ್ನೂ ಕೇಳಿಸಿಕೊಂಡರು. ಬೈಯಲಿಲ್ಲ, ಸುಸ್ತಾದವರ ಹಾಗೆ ಹೇಳಿದರು. ಸೊಪ್ಪು ವಿಷವಲ್ಲ. ಆದರೆ ಮಾತ್ರೆಯ ಕೆಲಸ ಸಕ್ಕರೆ ಇಳಿಸುವುದು, ಹೊಟ್ಟೆಯಲ್ಲಿ ಊಟವಿರಲಿ ಬಿಡಲಿ ಅದು ಇಳಿಸುತ್ತಲೇ ಹೋಗುತ್ತದೆ. ಮುದ್ದೆ ಬಿಟ್ಟು, ಸಿಹಿಯಿಲ್ಲದ ಎಲೆಯ ನೀರು ಕುಡಿದು, ಬಿಸಿಲಲ್ಲಿ ಸೊಪ್ಪು ಕಡಿದರೆ ಇಳಿಯಲು ಇನ್ನೇನು ಬೇಕು. ಹಿಪ್ಪುನೇರಳೆಯೂ ಸಕ್ಕರೆ ಇಳಿಸುತ್ತದೆ ಅನ್ನುತ್ತಾರೆ, ಅದು ಎಷ್ಟು ಸೇರಿತೋ ತನಗೆ ಗೊತ್ತಿಲ್ಲ. ಸಕ್ಕರೆ ಹೀಗೆ ಇಳಿದವನು ನೋಡುವವರಿಗೆ ಕುಡಿದವನ ಹಾಗೆಯೇ ಕಾಣುತ್ತಾನೆ, ತಪ್ಪು ತಿಳಿದವರು ನೀವೊಬ್ಬರೇ ಅಲ್ಲ. ಆ ಎರಡು ದಿನ ಪಾನಕ ಕುಡಿಸಿದವರು ಯಾರೋ, ಅವನನ್ನು ಬದುಕಿಸಿದ್ದು ಅವರೇ.

ದೊಡ್ಡಕ್ಕ ಗೋಡೆಗೆ ಒರಗಿ ನಿಂತಳು. ಅಳು ಬರಲಿಲ್ಲ. ಕಿವಿಯಲ್ಲಿ ಒಂದೇ ಸಮನೆ ಮಿಕ್ಸಿಯ ಸದ್ದು. ದಿನಾ ಬೆಳಿಗ್ಗೆ ತಾನೇ ಗುಂಡಿ ತಿರುಗಿಸಿದ್ದಳು. ತಾನೇ ಲೋಟ ತೊಳೆದಿದ್ದಳು.

ಮೂರು ಗಂಟೆಗೆ ಹನುಮೇಶ್ ಬಂದ. ಊರಿಗೆ ಹೋಗಿ, ಅಲ್ಲಿ ವಿಷಯ ತಿಳಿದು, ಆಸ್ಪತ್ರೆಗೆ ಬಂದಿದ್ದ. ಅವನಿಗೆ ತಿಳಿದಿದ್ದ ವಿಷಯ, ಭಾವ ಮತ್ತೆ ಕುಡಿದು ಬಿದ್ದಿದ್ದಾನೆ ಎಂಬುದಷ್ಟೇ. ಮಂಚದ ಕಾಲ ಹತ್ತಿರ ಬಂದು ಬೀಗದ ಕೈ ಬೆರಳಿಗೆ ಸುತ್ತುತ್ತ ನಿಂತ.

ಅದೇ ಹೊತ್ತಿಗೆ ಕದರಪ್ಪ ಪೂರ್ತಿ ಕಣ್ಣು ಬಿಟ್ಟ. ಮೊದಲು ಕಂಡದ್ದು ಭಾವಮೈದುನನ ಮುಖ. ಅವನಿಗೆ ಅರ್ಥವಾಗಿಹೋಯಿತು. ಸೂಜಿ ಚುಚ್ಚಿದ ಕೈಯನ್ನೂ ಎತ್ತಿ ಎರಡೂ ಕೈ ಜೋಡಿಸಿದ.

"ಹನುಮೇಶ, ಕರ್ಕೊಂಡು ಹೋಗ್ಬೇಡಪ್ಪ. ಕುಡ್ದಿದೀನಿ. ನಾನು ಇಲ್ಲ ಅನ್ನಲ್ಲ. ಆದ್ರೆ ಎಲ್ಲಿ ಕುಡಿದೆ, ಯಾವಾಗ ಕುಡಿದೆ, ನನಗೇ ಗೊತ್ತಾಗ್ತಿಲ್ಲ ಕಣೋ."

ದೊಡ್ಡಕ್ಕ ಆ ಕೈಯನ್ನು ಸೂಜಿ ಕದಲದ ಹಾಗೆ ಹಿಡಿದು ಮಂಚದ ಮೇಲೆ ಇಳಿಸಿದಳು. 

ಅವನು ಹೇಳುತ್ತ ಹೋದ, ಒಡೆದ ದನಿಯಲ್ಲಿ, ನಿಂತು ನಿಂತು. ಮೊದಲ ಸಲ ತಾನು ಕುಡಿದಿಲ್ಲ ಎಂದು ಗಟ್ಟಿಯಾಗಿ ನಂಬಿದ್ದನಂತೆ. ಆದರೆ ಹೆಂಡತಿ ಹೇಳುತ್ತಾಳೆ, ಅಣ್ಣ ಹೇಳುತ್ತಾನೆ, ತನಗೆ ನೆನಪಿಲ್ಲ. ಹಳೆಯ ದಿನಗಳಲ್ಲೂ ಹೀಗೆಯೇ ನೆನಪಿರುತ್ತಿರಲಿಲ್ಲವಲ್ಲ ಎಂದು ಅವತ್ತು ರಾತ್ರಿಯೇ ಅನುಮಾನ ಹತ್ತಿತಂತೆ. ಎರಡನೆಯ ಸಲ ಆದ ಮೇಲೆ ಬ್ರಾಂದಿ ಅಂಗಡಿಗೆ ನಡೆದುಕೊಂಡು ಹೋಗಿ, ಅಲ್ಲಿ ಕೂರುವ ಸಣ್ಣತಿಮ್ಮಪ್ಪನನ್ನು, ನಾನು ಇಲ್ಲಿಗೆ ಬಂದಿದ್ದೆನಾ ಎಂದು ಕೇಳಿದನಂತೆ. ಅಲ್ಲಿದ್ದವರೆಲ್ಲ ನಕ್ಕರಂತೆ. ಬಂದಿದ್ದು ನಿನಗೇ ನೆನಪಿಲ್ಲ ಅಂದ ಮೇಲೆ ಸರಿಯಾಗೇ ಏರಿಸಿದ್ದೀಯ ಎಂದು ಸಣ್ಣತಿಮ್ಮಪ್ಪ ಬೆನ್ನು ತಟ್ಟಿ ಕಳಿಸಿದನಂತೆ. ಅವನು ತಮಾಷೆ ಮಾಡಿದ. ಇವನು ನಂಬಿದ. ಅವತ್ತಿನಿಂದ ತನ್ನ ಕಾಲೇ ತನಗೆ ಗೊತ್ತಿಲ್ಲದೆ ಅಲ್ಲಿಗೆ ಹೋಗುತ್ತಿದೆ ಎಂದು ಹೆದರಿ, ತೋಟ ಬಿಟ್ಟು ಕದಲದೆ ಇದ್ದ.

"ಅದಕ್ಕೇ ಎರಡನೇ ಲೋಟ ಕೇಳಿದ್ದು" ಎಂದ, ಹೆಂಡತಿಯ ಕಡೆ ತಿರುಗಿ. "ಸೊಪ್ಪು ರಕ್ತ ತೊಳೀತದೆ ಅಂತ ನೀನೇ ಹೇಳಿದ್ದಲ್ಲ. ಊಟ ಬಿಟ್ಟು ಅದನ್ನೇ ಕುಡಿದ್ರೆ ಒಳಗಿರೋದು ಹೋಗ್ತದೆ ಅಂದ್ಕೊಂಡೆ. ಇನ್ನೂ ಮೂರು ಲೋಟ ಕುಡೀತೀನಿ ದೊಡ್ಡಕ್ಕ. ನೀನು ಹೋಗ್ಬೇಡ."

ಹನುಮೇಶನ ಬೆರಳಿನ ಮೇಲಿನ ಬೀಗದ ಕೈ ನಿಂತಿತ್ತು. ಅವನು ಅಕ್ಕನ ಕಡೆ ನೋಡಿದ.

"ನೀವು ಕುಡದಿಲ್ರಿ" ಎಂದಳು ದೊಡ್ಡಕ್ಕ.

ಕದರಪ್ಪ ನಂಬಲಿಲ್ಲ. ತಮ್ಮನ ಎದುರು ಮರ್ಯಾದೆ ಉಳಿಸಲು ಹೇಳುತ್ತಿದ್ದಾಳೆ ಎಂಬಂತೆ ತಲೆಯಾಡಿಸಿದ.

"ಒಂದು ಸಲನೂ ಕುಡದಿಲ್ಲ. ಮಾತ್ರಿ ನುಂಗಿ ಉಪಾಸ ಇದ್ದದ್ದಕ್ಕ ಸಕ್ಕರಿ ಇಳದು ಹಂಗಾತು. ಡಾಕ್ಟರು ಹೇಳ್ಯಾರ, ಕೇಳ್ರಿ ಬೇಕಾದ್ರ. ಆ ರಸ ಮಾಡಿ ಕೊಟ್ಟಾಕಿ ನಾನು."

ಅವನು ಹನುಮೇಶನನ್ನು ನೋಡಿದ, ಸಲೈನ್ ಬಾಟಲಿಯನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ನಂಬಿಕೆ ಬರಲು ಬಹಳ ಹೊತ್ತು ಹಿಡಿಯಿತು. ಬಂದ ಮೇಲೆ ಅವನ ಮುಖದಲ್ಲಿ ಕಂಡದ್ದು ಸಂತೋಷವಲ್ಲ. ಇಷ್ಟು ದಿನ ತನ್ನನ್ನು ತಾನೇ ಕುಡುಕನೆಂದು ಬೈದುಕೊಂಡದ್ದೆಲ್ಲ ಈಗ ಎಲ್ಲಿಗೆ ಹೋಗಬೇಕೆಂದು ತಿಳಿಯದವನ ಹಾಗೆ ಸೂರು ನೋಡುತ್ತ ಮಲಗಿದ. ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು.

ಸ್ವಲ್ಪ ಹೊತ್ತಾದ ಮೇಲೆ ಅಂಗೈ ಮುಂದೆ ಹಿಡಿದು ನೋಡಿಕೊಂಡ. ಬೆರಳ ತುದಿಗಳು ತರಚಿ ಕೆಂಪಾಗಿದ್ದವು, ಉಗುರುಗಳಲ್ಲಿ ಮರದ ಸಿಬಿರು.

"ಇದು ಹೆಂಗಾಯ್ತು?" ಎಂದು ಕೇಳಿದ.

ಅವನಿಗೆ ನಿಜಕ್ಕೂ ನೆನಪಿರಲಿಲ್ಲ. ಹನುಮೇಶನಿಗೆ ಗೊತ್ತಿರಲಿಲ್ಲ. ಸಂಜೀವಪ್ಪ ಹೇಳುವವನಲ್ಲ. ತೋಟದಲ್ಲಿ ಬಿದ್ದಿರಿ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು.

ದೊಡ್ಡಕ್ಕ ತಮ್ಮನನ್ನು ಹೊರಗೆ ಕಳಿಸಲಿಲ್ಲ. ಸ್ಟೂಲು ಎಳೆದುಕೊಂಡು ಗಂಡನ ಕೈಯ ಹತ್ತಿರ ಕೂತಳು.

"ಬಾಗಿಲಾ ಬಡದೀರಿ" ಎಂದಳು. "ಹೊರಗಿಂದ ಚಿಲಕ ಹಾಕಿದಾಕಿ ನಾನು. ನಿಮ್ಮಣ್ಣ ಪಾನಕ ತಂದ್ರು, ಬ್ಯಾಡ ಅಂದಾಕಿನೂ ನಾನು. ನೀವು ಬಡಿಯೋದು ನಂಗ ಕೇಳಸ್ತಿತ್ತು."

ಅಷ್ಟು ಹೇಳಿ ಅವಳು ನಿಲ್ಲಿಸಲಿಲ್ಲ. ಹತ್ತು ಗಂಟೆಯಿಂದ ಹನ್ನೊಂದರವರೆಗೆ ತಾನು ಏನೇನು ಮಾಡಿದಳು, ಯಾವ ಸೀರೆಗಳನ್ನು ಎಣಿಸಿದಳು ಎಂಬುದನ್ನೂ ಬಿಡದೆ, ಮೊದಲಿನಿಂದ ಹೇಳಿದಳು.